ಫಿಲಿಪೀನ್ಸ್: ಅಧ್ಯಕ್ಷರು ಬದಲಾಗುತ್ತಾರೆ, ಸುಧಾರಣೆ ಯಾಕೆ ಅರ್ಧಕ್ಕೇ ನಿಲ್ಲುತ್ತೆ?

ಹಳೇಪೇಪರ್

2025ರ ಆಗಸ್ಟ್ ಮೊದಲ ವಾರ ಫಿಲಿಪೀನ್ಸ್ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಜೂನಿಯರ್ ದೆಹಲಿಗೆ ಬಂದಿದ್ದರು. ವಾಪಸ್ ಹೋಗುವ ಮುಂಚೆ ಬೆಂಗಳೂರಿಗೂ ಬಂದು ಹೋದರು. ನಮ್ಮ ಕಡೆ ಸುದ್ದಿಯಾಗಿದ್ದು ಬ್ರಹ್ಮೋಸ್ ಕ್ಷಿಪಣಿ ಮತ್ತೆ ಭಾರತದ ಪ್ರವಾಸಿಗರಿಗೆ ವೀಸಾ ಬೇಡ ಅನ್ನೋ ವಿಷಯ. ಅವರ ಊರಲ್ಲಿ ಅದೇ ತಿಂಗಳು ನೆರೆ ತಡೆ ಕಾಮಗಾರಿಗಳ ಹಗರಣ ಹೊತ್ತಿಕೊಂಡಿತು. ಅದರ ಬಗ್ಗೆ ಕನ್ನಡದಲ್ಲಿ ಓದೋಕೆ ಹೆಚ್ಚೇನೂ ಸಿಗಲಿಲ್ಲ. ಅದಕ್ಕೇ ಈ ಎಳೆ ಶುರು ಮಾಡ್ತಿದ್ದೇನೆ.

1946ರಲ್ಲಿ ಅಮೆರಿಕದಿಂದ ಬಿಡುಗಡೆಯಾದ ದೇಶ. 1950ರ ಹೊತ್ತಿಗೆ ತಲಾ ಆದಾಯ ದಕ್ಷಿಣ ಕೊರಿಯಾಗಿಂತ ಜಾಸ್ತಿ ಇತ್ತು. ಇಂಗ್ಲಿಷ್ ಬರುವ ಜನ, ಒಳ್ಳೆ ವಿಶ್ವವಿದ್ಯಾಲಯಗಳು, ಪತ್ರಿಕೆಗಳು, ಚುನಾವಣೆ ಎಲ್ಲ ಇತ್ತು. 1986ರಲ್ಲಿ ಸರ್ವಾಧಿಕಾರಿ ಹಿರಿಯ ಮಾರ್ಕೋಸ್‌ರನ್ನು ಗುಂಡು ಹಾರಿಸದೆ ಓಡಿಸಿದರು. ಆಮೇಲೆ ಬಂದ ಪ್ರತಿ ಅಧ್ಯಕ್ಷರೂ ಸುಧಾರಣೆ ಅಂತಲೇ ಬಂದರು. 2022ರಲ್ಲಿ ಅದೇ ಸರ್ವಾಧಿಕಾರಿಯ ಮಗ 3.1 ಕೋಟಿಗೂ ಹೆಚ್ಚು ವೋಟು ತಗೊಂಡು ಗೆದ್ದರು.

ನನ್ನ ಪ್ರಶ್ನೆ ಇಷ್ಟೇ. ಈ ಎಪ್ಪತ್ತೆಂಬತ್ತು ವರ್ಷದಲ್ಲಿ ಮಾಡಿದ ಸುಧಾರಣೆಗಳಲ್ಲಿ ಯಾವುದು ಉಳಿಯಿತು, ಯಾವುದು ಕೊಚ್ಚಿಹೋಯಿತು, ಯಾಕೆ?

ಜಯನಗರ ನಾಲ್ಕನೇ ಬ್ಲಾಕ್

ಇದರಲ್ಲಿ ಚರ್ಚೆ ಮಾಡೋಕೆ ಏನಿದೆ ಸಾರ್? ಸಿಂಗಪುರಕ್ಕೆ ಲೀ ಕುವಾನ್ ಯೂ ಸಿಕ್ಕಿದರು, ಕೊರಿಯಾಕ್ಕೆ ಪಾರ್ಕ್ ಚುಂಗ್-ಹೀ ಸಿಕ್ಕಿದರು. ಇವರಿಗೆ ಅಂಥ ಗಟ್ಟಿ ಮನುಷ್ಯ ಸಿಕ್ಕಿದ್ದು ಒಬ್ಬರೇ, ಹಿರಿಯ ಮಾರ್ಕೋಸ್. ಎರಡು ದ್ವೀಪ ಸೇರಿಸುವ ಸಾನ್ ಹುವಾನಿಕೊ ಸೇತುವೆ 1973ರದ್ದು. ಹೃದಯದ ಆಸ್ಪತ್ರೆ 1975ರದ್ದು. ಮನಿಲಾದಲ್ಲಿ ಲೈಟ್ ರೈಲು 1984ಕ್ಕೇ ಓಡಿತು. ನಮ್ಮ ಬೆಂಗಳೂರಿಗೆ ಮೆಟ್ರೊ ಬಂದಿದ್ದು ಯಾವಾಗ? 2011! ಮಾರ್ಕೋಸ್‌ರನ್ನು ಓಡಿಸಿದ ಮೇಲೆ ಬಂದವರು ಏನು ಕಟ್ಟಿದರು ಹೇಳಿ ನೋಡೋಣ.

ಕೆರೆದಂಡೆ

ಕಟ್ಟಿದ್ದು ನಿಜ. ಯಾರ ದುಡ್ಡಲ್ಲಿ ಅನ್ನೋದು ಪ್ರಶ್ನೆ. ಮಾರ್ಕೋಸ್ 1965ರಲ್ಲಿ ಬಂದಾಗ ದೇಶದ ವಿದೇಶಿ ಸಾಲ 100 ಕೋಟಿ ಡಾಲರ್‌ಗಿಂತ ಕಡಿಮೆ. 1986ರಲ್ಲಿ ಹೆಲಿಕಾಪ್ಟರ್ ಹತ್ತಿ ಹೋಗುವಾಗ ಸುಮಾರು 2,600 ಕೋಟಿ ಡಾಲರ್. 1983ರ ಕೊನೆಯಲ್ಲಿ ಸಾಲ ಕಟ್ಟೋಕಾಗಲ್ಲ ಅಂತ ಕೈ ಎತ್ತಿದರು. 1984 ಮತ್ತು 85, ಎರಡೂ ವರ್ಷ ಆರ್ಥಿಕತೆ ನೂರಕ್ಕೆ ಏಳರ ಹತ್ತಿರ ಕುಗ್ಗಿತು. ಲೈಟ್ ರೈಲು ಓಡಿದ್ದೂ ಅದೇ 1984ರಲ್ಲಿ. ನೀವು ರೈಲನ್ನಷ್ಟೇ ನೋಡ್ತಿದ್ದೀರಿ.

ಬಾಟಾನ್ ಅಣು ವಿದ್ಯುತ್ ಸ್ಥಾವರದ ಕಥೆ ಗೊತ್ತಲ್ವಾ? 200 ಕೋಟಿ ಡಾಲರ್‌ಗೂ ಮಿಕ್ಕಿ ಖರ್ಚು. ಒಂದೇ ಒಂದು ಯೂನಿಟ್ ಕರೆಂಟ್ ಬರಲಿಲ್ಲ. ಸಾಲ ತೀರಿದ್ದು 2007ರಲ್ಲಿ.

ಇನ್ನೊಂದು ಹೇಳಬೇಕು, ಯಾಕಂದ್ರೆ ಇದು ತೆಂಗಿನ ರೈತರ ವಿಷಯ. 1970ರ ದಶಕದಲ್ಲಿ ಕೊಬ್ಬರಿ ಮಾರುವ ಪ್ರತಿಯೊಬ್ಬ ರೈತನಿಂದ ಸುಂಕ ಎತ್ತಿದರು. ನಿಮ್ಮ ಒಳ್ಳೇದಕ್ಕೇ, ತೆಂಗು ಅಭಿವೃದ್ಧಿಗೆ ಅಂದರು. ಆ ದುಡ್ಡಲ್ಲಿ ಒಂದು ಬ್ಯಾಂಕ್ ಕೊಂಡರು. ಆಮೇಲೆ ಸಾನ್ ಮಿಗೆಲ್ ಅನ್ನೋ ಬಿಯರ್ ಕಂಪನಿಯ ದೊಡ್ಡ ಪಾಲು ಕೊಂಡರು. ಹಿಡಿತ ಪೂರ್ತಿ ಮಾರ್ಕೋಸ್ ಗೆಳೆಯರ ಕೈಯಲ್ಲಿ. ಕೇಸು ನಡೆದು ನಡೆದು, ಆ ಷೇರುಗಳ ಒಂದು ದೊಡ್ಡ ಗಂಟು ಸರ್ಕಾರಕ್ಕೆ ಸೇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2012ರಲ್ಲಿ. ರೈತರಿಗಾಗಿ ಅದನ್ನು ಟ್ರಸ್ಟ್ ನಿಧಿ ಮಾಡುವ ಕಾನೂನು ಬಂದಿದ್ದು 2021ರಲ್ಲಿ. ಸುಂಕ ಕಟ್ಟಿದವರಲ್ಲಿ ಎಷ್ಟು ಜನ ಅದನ್ನು ನೋಡೋಕೆ ಉಳಿದಿದ್ದರೋ.

ಗಟ್ಟಿ ಮನುಷ್ಯ ಅಂದರೆ ಇದೇನಾ?

ಜಯನಗರ ನಾಲ್ಕನೇ ಬ್ಲಾಕ್

ತಪ್ಪುಗಳು ಇದ್ದವು, ಇಲ್ಲ ಅನ್ನಲ್ಲ. ಆದರೆ ಒಬ್ಬ ನಾಯಕ ಬೇಕೇ ಬೇಕು ಅನ್ನೋ ನನ್ನ ಮಾತು ಹಾಗೇ ಉಳಿಯುತ್ತೆ. ಮಾರ್ಕೋಸ್ ಬೇಡ ಅಂದ್ರೆ ಬೇರೆಯವರ ಹೆಸರು ಹೇಳಿ.

ಸಾಗರದವ

ನಾನು ಹೇಳ್ತೀನಿ. ರಾಮೋನ್ ಮ್ಯಾಗ್ಸೆಸೆ. ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂತಲ್ಲ, ಆ ಪ್ರಶಸ್ತಿಗೆ ಹೆಸರು ಕೊಟ್ಟವರು. ನಮ್ಮ ಕಡೆ ಮ್ಯಾಗ್ಸೆಸೆ ಅಂದರೆ ಪ್ರಶಸ್ತಿ ಅಂತ ಎಲ್ಲರಿಗೂ ಗೊತ್ತು. ಅದು ಒಬ್ಬ ಅಧ್ಯಕ್ಷರ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತೋ.

1953ರ ಡಿಸೆಂಬರ್ 30ಕ್ಕೆ ಪ್ರಮಾಣವಚನ. ಕೋಟು ಟೈ ಬಿಟ್ಟು ಅಲ್ಲಿನ ಸಾಂಪ್ರದಾಯಿಕ ಬರಾಂಗ್ ಅಂಗಿ ಹಾಕಿಕೊಂಡು ಬಂದರು. ಅಧ್ಯಕ್ಷರ ಅರಮನೆ ಮಲಕಾನ್ಯಾಂಗ್‌ನ ಬಾಗಿಲು ಜನಕ್ಕೆ ತೆರೆದರು. ಶುರುವಿನಲ್ಲೇ ದೂರು ಕೇಳೋಕೆ ಒಂದು ಸಮಿತಿ ಮಾಡಿದರು. ಹತ್ತು ಸೆಂಟಾವೊ (ಅಲ್ಲಿನ ಪೈಸೆ) ಕೊಟ್ಟರೆ ಯಾವ ಹಳ್ಳಿಯಿಂದ ಬೇಕಾದರೂ ಅಧ್ಯಕ್ಷರಿಗೇ ತಂತಿ ಕಳಿಸಬಹುದಿತ್ತು. ಜಮೀನ್ದಾರ ಒಕ್ಕಲೆಬ್ಬಿಸಿದ, ಪೊಲೀಸ್ ಹೊಡೆದ, ಕಚೇರಿಯಲ್ಲಿ ಕಾಗದ ಮುಂದಕ್ಕೆ ಹೋಗ್ತಿಲ್ಲ, ಹೀಗೆ ಏನಿದ್ದರೂ. ಜನ ಮುಗಿಬಿದ್ದರು. ಲೂಜಾನ್‌ನ ಬಯಲು ಸೀಮೆಯಲ್ಲಿ ಹುಕ್ ಅನ್ನೋ ರೈತ ಬಂಡಾಯ ತಣ್ಣಗಾಗಿದ್ದರಲ್ಲಿ ಬಂದೂಕಿನಷ್ಟೇ ಪಾಲು ಈ ನಂಬಿಕೆಯದ್ದೂ ಇತ್ತು. 1957ರ ಮಾರ್ಚ್ 17ರಂದು ಸೆಬು ದ್ವೀಪದ ಬೆಟ್ಟಕ್ಕೆ ವಿಮಾನ ಬಡಿದು ತೀರಿಕೊಂಡರು. ಬದುಕಿದ್ದಿದ್ದರೆ ದೇಶದ ದಾರಿಯೇ ಬೇರೆ ಆಗಿರ್ತಿತ್ತು ಅಂತ ಇವತ್ತಿಗೂ ಹೇಳುವವರಿದ್ದಾರೆ.

ಕೆರೆದಂಡೆ

ಸಾಗರದವರೇ, ಮ್ಯಾಗ್ಸೆಸೆ ಬಗ್ಗೆ ನನಗೂ ಗೌರವ ಇದೆ. ಆದರೆ ಅವರ ಭೂಸುಧಾರಣೆ ಏನಾಯ್ತು ನೋಡಿ. ಬಂಡಾಯದ ಬೇರು ಇದ್ದದ್ದೇ ಗೇಣಿಯಲ್ಲಿ. 1955ರಲ್ಲಿ ಅವರು ಕಾನೂನು ತಂದರು. ಕಾಂಗ್ರೆಸ್‌ನಲ್ಲಿ, ಅಂದರೆ ಅಲ್ಲಿನ ಸಂಸತ್ತಿನಲ್ಲಿ, ಕೂತಿದ್ದವರು ಯಾರು? ಜಮೀನ್ದಾರರೇ, ಇಲ್ಲ ಅವರ ನೆಂಟರು. ಅವರು ಅದನ್ನು ಕತ್ತರಿಸಿ ಕತ್ತರಿಸಿ, ಒಬ್ಬ ಮಾಲೀಕನ ಹತ್ತಿರ ಒಂದೇ ಕಡೆ 300 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಮಾತ್ರ, ಆ ಹೆಚ್ಚಿನ ಭಾಗವನ್ನಷ್ಟೇ ಸರ್ಕಾರ ತಗೋಬಹುದು ಅಂತ ಮಾಡಿದರು. 300 ಹೆಕ್ಟೇರ್ ಅಂದರೆ 740 ಎಕರೆ! ಅಷ್ಟು ಭತ್ತದ ಗದ್ದೆ ಒಂದೇ ಕಡೆ ಇರುವವರು ಎಷ್ಟು ಜನ ಸಿಗ್ತಾರೆ? ಸಿಕ್ಕರೂ ಮಕ್ಕಳು ಮೊಮ್ಮಕ್ಕಳ ಹೆಸರಿಗೆ ಹಂಚಿದರೆ ಮುಗೀತು.

ದೇವರು ಕೊಟ್ಟರೂ ಪೂಜಾರಿ ಕೊಡ. ಅಧ್ಯಕ್ಷರ ಬಾಗಿಲು ತೆರೆದಿತ್ತು, ಕಾನೂನಿನ ಬಾಗಿಲು ಮುಚ್ಚಿತ್ತು.

ಬೆಳಗಾವಿ ಕುಂದಾ

ನಮ್ಮಲ್ಲಿ 1974ರ ಭೂಸುಧಾರಣೆ ಕಾಯ್ದೆ ಆದಮೇಲೆ ಗೇಣಿ ಜಮೀನಿಗೆ ಫಾರಂ 7 ತುಂಬಿದ ಮನೆಯವರು ನಾವು. ಹಾಗಾಗಿ ಈ ವಿಷಯ ಓದುವಾಗ ಕುತೂಹಲ ಜಾಸ್ತಿ. ಹಿರಿಯ ಮಾರ್ಕೋಸ್ 1972ರಲ್ಲಿ ತಂದ ಆಜ್ಞೆ ಭತ್ತ ಮತ್ತು ಮುಸುಕಿನ ಜೋಳದ ಗೇಣಿದಾರರಿಗೆ ಮಾತ್ರ ಅಂತ ಇದೆ. ಕಬ್ಬು, ತೆಂಗು ಮುಟ್ಟಲೇ ಇಲ್ಲ. ಆಮೇಲೆ, 1986ರಲ್ಲಿ, ಅಧ್ಯಕ್ಷೆಯಾಗಿ ಕೋರಿ ಅಕಿನೊ ಬಂದ ಮೇಲಾದರೂ ಸರಿ ಹೋಯ್ತಾ?

ಕೆರೆದಂಡೆ

1988ರಲ್ಲಿ ಎಲ್ಲ ಬೆಳೆಗೂ ಅನ್ವಯ ಆಗುವ ಕಾನೂನು ತಂದರು. ಆದರೆ ಅದರಲ್ಲೊಂದು ಕಿಂಡಿ ಬಿಟ್ಟಿದ್ದರು. ಜಮೀನು ಹಂಚುವ ಬದಲು ಕಂಪನಿ ಮಾಡಿ, ಕೂಲಿಯವರಿಗೆ ಷೇರು ಕೊಟ್ಟರೂ ನಡೆಯುತ್ತೆ ಅಂತ. ಆ ಕಿಂಡಿಯಲ್ಲಿ ನುಸುಳಿದ್ದು ಕೋರಿಯವರ ತವರು ಕುಟುಂಬದ ಕಬ್ಬಿನ ಎಸ್ಟೇಟು, ಹಸಿಯೆಂಡಾ ಲುಯಿಸೀಟಾ. 2004ರಲ್ಲಿ ಅಲ್ಲಿ ಮುಷ್ಕರ ಮಾಡುತ್ತಿದ್ದವರ ಮೇಲೆ ಗುಂಡು ಹಾರಿತು, ಜನ ಸತ್ತರು. ಜಮೀನನ್ನೇ ಹಂಚಿ ಅಂತ ಕೋರ್ಟ್ ಕೊನೆಯ ಮಾತು ಹೇಳಿದ್ದು 2012ರಲ್ಲಿ. ಆಗ ಅಧ್ಯಕ್ಷರಾಗಿದ್ದವರು ಕೋರಿಯವರ ಮಗ ನೊಯ್‌ನೊಯ್.

ಹಳೇಪೇಪರ್

ಒಳ್ಳೇದು. ಭೂಮಿಯಿಂದ ಸ್ವಲ್ಪ ಈಚೆ ಬರೋಣ. ನಗರದ ಜನಕ್ಕೆ ಏನಾಯ್ತು? ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದೀರಾ?

ಮಂಗಳೂರು ಬಂದರು

ನಾನಿದ್ದೆ. ಕಾಲ್ ಸೆಂಟರ್ ಕೆಲಸದ ಮೇಲೆ ಮನಿಲಾದಲ್ಲಿದ್ದೆ. ನಮ್ಮ ಬೆಂಗಳೂರಿನ ಬಹಳಷ್ಟು ಕಾಲ್ ಸೆಂಟರ್ ಕೆಲಸ ಅಲ್ಲಿಗೆ ಹೋಗಿದ್ದು ಗೊತ್ತಿರಬಹುದು. ಇದರ ಹಿಂದೆ ಫಿಡೆಲ್ ರಾಮೋಸ್ ಅನ್ನೋ ಅಧ್ಯಕ್ಷರ ಕೆಲಸ ಇದೆ, ಅವರನ್ನು ಇಲ್ಲಿ ಯಾರೂ ನೆನೆಸಲಿಲ್ಲ.

ರಾಮೋಸ್ 1992ರಲ್ಲಿ ಗೆದ್ದಿದ್ದು ನೂರಕ್ಕೆ 24ಕ್ಕಿಂತ ಕಡಿಮೆ ವೋಟು ಪಡೆದು. ಅಲ್ಲಿ ಎರಡನೇ ಸುತ್ತು ಇಲ್ಲ, ಯಾರಿಗೆ ಜಾಸ್ತಿ ಬಂತೋ ಅವರೇ ಅಧ್ಯಕ್ಷರು. ಆಗ ಮನಿಲಾದಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ಕರೆಂಟ್ ಇಲ್ಲ. ಅಣು ಸ್ಥಾವರವನ್ನು ಕೋರಿ ಮುಚ್ಚಿದರು, ಅದು ಸರಿಯೇ. ಆದರೆ ಬದಲಿಗೆ ಏನೂ ಕಟ್ಟಿರಲಿಲ್ಲ. ರಾಮೋಸ್ 1993ರಲ್ಲಿ ತುರ್ತು ಅಧಿಕಾರ ತಗೊಂಡು ಖಾಸಗಿಯವರಿಂದ ವಿದ್ಯುತ್ ಘಟಕ ಹಾಕಿಸಿದರು. ಕತ್ತಲೆ ಹೋಯಿತು. ಅದೇ ಹೊತ್ತಲ್ಲಿ ಒಂದೇ ಟೆಲಿಫೋನ್ ಕಂಪನಿಯ ಏಕಸ್ವಾಮ್ಯ ಮುರಿದರು. ಅದಕ್ಕೆ ಮುಂಚೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಈ ಎರಡು ಆಗದೇ ಇದ್ದಿದ್ದರೆ ನಾನು ರಾತ್ರಿ ಪಾಳಿ ಮಾಡಿದ ಕಟ್ಟಡವೇ ಇರ್ತಿರಲಿಲ್ಲ.

ಇದರ ಬೆಲೆ ಏನು ಅಂದರೆ, ಆ ಖಾಸಗಿ ಒಪ್ಪಂದಗಳಲ್ಲಿ ಕರೆಂಟ್ ಬಳಸಿದರೂ ಬಳಸದಿದ್ದರೂ ದುಡ್ಡು ಕೊಡಬೇಕು ಅಂತಿತ್ತು. 1997ರ ಏಷ್ಯಾ ಬಿಕ್ಕಟ್ಟಲ್ಲಿ ಬೇಡಿಕೆ ಬಿತ್ತು, ಪೆಸೊ ಬಿತ್ತು, ಬಿಲ್ಲು ಏರಿತು. ಇವತ್ತಿಗೂ ಅಲ್ಲಿನ ಕರೆಂಟ್ ದರ ಆ ಭಾಗದಲ್ಲಿ ದುಬಾರಿ ಪೈಕಿ. ಎಸಿ ಹಾಕೋ ಮುಂಚೆ ನಮ್ಮ ಮನೆ ಓನರಮ್ಮ ನಮ್ಮ ಮುಖ ನೋಡುತ್ತಿದ್ದ ರೀತಿ ಈಗಲೂ ನೆನಪಿದೆ.

ದುಬೈ ಕನ್ನಡಿಗ

ನಾನು ಅಲ್ಲಿಗೆ ಹೋಗಿಲ್ಲ, ಆದರೆ ಅರ್ಧ ಆಫೀಸು ಅವರೇ. ಸುಮಾರು ಒಂದು ಕೋಟಿ ಫಿಲಿಪಿನೊಗಳು ದೇಶದ ಹೊರಗಿದ್ದಾರೆ. ವರ್ಷಕ್ಕೆ 3,000 ಕೋಟಿ ಡಾಲರ್‌ಗಿಂತ ಜಾಸ್ತಿ ಊರಿಗೆ ಕಳಿಸ್ತಾರೆ. ಇದಕ್ಕೂ ಅಡಿಪಾಯ ಹಾಕಿದ್ದು 1974ರಲ್ಲಿ ಹಿರಿಯ ಮಾರ್ಕೋಸ್, ಊರಲ್ಲಿ ಕೆಲಸ ಇಲ್ಲದವರಿಗೆ ತಾತ್ಕಾಲಿಕ ದಾರಿ ಅಂತ. ಆ ತಾತ್ಕಾಲಿಕಕ್ಕೆ ಈಗ ಐವತ್ತು ದಾಟಿದೆ.

ನಮ್ಮ ಆಫೀಸಿನಲ್ಲಿ 2016ರ ಅಧ್ಯಕ್ಷ ಚುನಾವಣೆಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ರೊಡ್ರಿಗೊ ದುತೆರ್ತೆ ಕಡೆ. ಯಾಕೆ ಅಂತ ಕೇಳಿದರೆ ದೊಡ್ಡ ಸಿದ್ಧಾಂತ ಹೇಳಲಿಲ್ಲ. 2015ರಲ್ಲಿ ಮನಿಲಾ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಬ್ಯಾಗಲ್ಲಿ ಬಂದೂಕಿನ ಗುಂಡು ಸಿಗ್ತಾ ಇತ್ತು. ಅಲ್ಲಿನ ಸಿಬ್ಬಂದಿಯೇ ಹಾಕಿ ದುಡ್ಡು ಕೀಳ್ತಾರೆ ಅಂತ ಊರೆಲ್ಲ ಸುದ್ದಿ. ಜನ ಬ್ಯಾಗಿಗೆ ಪ್ಲಾಸ್ಟಿಕ್ ಸುತ್ತಿಸಿ ಓಡಾಡುತ್ತಿದ್ದರು. ಎರಡು ವರ್ಷ ದುಡಿದು ರಜೆಗೆ ಹೋಗುವ ನರ್ಸ್ ಒಬ್ಬಳಿಗೆ ಇದಕ್ಕಿಂತ ದೊಡ್ಡ ರಾಜಕೀಯ ಯಾವುದಿದೆ? ಹೂಡಿಕೆಗೆ ಯೋಗ್ಯ ಅಂತ ದೇಶಕ್ಕೆ ರೇಟಿಂಗ್ ಬಂದಿದ್ದು 2013ರಲ್ಲಿ, ಒಳ್ಳೇದೇ. ಆದರೆ ಅದು ಅವಳ ಬ್ಯಾಗಿನ ಭಯ ಕಳೆಯಲಿಲ್ಲ. ದುತೆರ್ತೆ ಬಂದಮೇಲೆ ಪಾಸ್‌ಪೋರ್ಟ್ ಹತ್ತು ವರ್ಷಕ್ಕೆ ಆಯಿತು. ಸರ್ಕಾರಿ ಕಾಲೇಜಿಗೆ ಫೀಸು ತೆಗೆದರು. ಇಂಥವು ಕೈಗೆ ಸಿಗುತ್ತವೆ.

ಜಯನಗರ ನಾಲ್ಕನೇ ಬ್ಲಾಕ್

ನಾನು ಹೇಳಿದ್ದೂ ಅದನ್ನೇ ಅಲ್ವಾ. ಗಟ್ಟಿಗ ಬಂದ, ಕೆಲಸ ಆಯ್ತು.

ಬೆಳಗಾವಿ ಕುಂದಾ

ಆ ಗಟ್ಟಿಗನ ಡ್ರಗ್ಸ್ ಯುದ್ಧದಲ್ಲಿ ಪೊಲೀಸ್ ಲೆಕ್ಕದಲ್ಲೇ 6,000ಕ್ಕಿಂತ ಹೆಚ್ಚು ಜನ ಸತ್ತರು ರೀ. ಮಾನವ ಹಕ್ಕುಗಳ ಗುಂಪುಗಳ ಲೆಕ್ಕ ಅದಕ್ಕಿಂತ ಎಷ್ಟೋ ಮೇಲೆ. ಬಹುಪಾಲು ಕೊಳೆಗೇರಿಯವರು. 2025ರ ಮಾರ್ಚ್ 11ಕ್ಕೆ ಅದೇ ಮನಿಲಾ ವಿಮಾನ ನಿಲ್ದಾಣದಲ್ಲಿ ಅವರನ್ನು ಹಿಡಿದು ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಕಳಿಸಿದರು. ಪಾಸ್‌ಪೋರ್ಟ್ ಅವಧಿ ಹೆಚ್ಚು ಮಾಡೋಕೆ ಗಟ್ಟಿಗ ಬೇಕಾಗಿರಲಿಲ್ಲ, ಒಂದು ಮಸೂದೆ ಸಾಕಿತ್ತು.

ಕೆರೆದಂಡೆ

ಕುಂದಾ ಅವರ ಕೊನೆಯ ವಾಕ್ಯದಲ್ಲೇ ನನ್ನ ಮಾತು ಇದೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ, ಉದ್ದ ಆಗುತ್ತೆ.

ಮ್ಯಾಗ್ಸೆಸೆ ಹತ್ತು ಸೆಂಟಾವೊ ತಂತಿ ಇಟ್ಟರು. ದುತೆರ್ತೆ 2016ರಲ್ಲಿ 8888 ಅನ್ನೋ ದೂರು ನಂಬರ್ ಇಟ್ಟರು. ಈಗಿನ ಮಾರ್ಕೋಸ್ 2025ರಲ್ಲಿ ನೆರೆ ಕಾಮಗಾರಿ ಬಗ್ಗೆ ಅಧ್ಯಕ್ಷರಿಗೇ ದೂರು ಕೊಡಿ ಅಂತ ವೆಬ್‌ಸೈಟ್ ತೆರೆದರು. ಎಪ್ಪತ್ತು ವರ್ಷದಲ್ಲಿ ಬದಲಾಗಿದ್ದು ಯಂತ್ರ ಮಾತ್ರ. ದೂರು ಹೋಗುವ ವಿಳಾಸ ಅದೇ, ದೊರೆ ಕೂತ ಕೋಣೆ. ದೊರೆ ಹೋದರೆ ಕೌಂಟರ್ ಮುಚ್ಚುತ್ತೆ. 1987ರ ಸಂವಿಧಾನದ ಪ್ರಕಾರ ಅಧ್ಯಕ್ಷರಿಗೆ ಆರು ವರ್ಷದ ಒಂದೇ ಅವಧಿ, ಮತ್ತೆ ನಿಲ್ಲೋ ಹಾಗಿಲ್ಲ. ಸರ್ವಾಧಿಕಾರಿ ಮತ್ತೆ ಹುಟ್ಟಬಾರದು ಅಂತ ಮಾಡಿದ್ದು, ಸರಿಯೇ. ಆದರೆ ಪಕ್ಷಗಳು ಗಟ್ಟಿ ಇಲ್ಲದ ಕಡೆ ಆರು ವರ್ಷಕ್ಕೊಮ್ಮೆ ಹಲಗೆ ಒರೆಸಿದಂತೆ ಆಗುತ್ತೆ. ಹೊಸಬರು ಗೆದ್ದ ವಾರದೊಳಗೆ ಸಂಸದರು ಗುಂಪುಗುಂಪಾಗಿ ಅವರ ಪಕ್ಷ ಸೇರ್ತಾರೆ. ಮುಂದಿನವರು ಬಂದಾಗ ಅಲ್ಲಿಂದಲೂ ಹೊರಡ್ತಾರೆ.

ಹೀಗಿದ್ದೂ ಉಳಿದ ಸುಧಾರಣೆಗಳಿವೆ. ನನಗೆ ತುಂಬಾ ಇಷ್ಟವಾಗಿದ್ದು 2012ರ ಸಿಗರೇಟು ಮತ್ತು ಮದ್ಯದ ತೆರಿಗೆ ಕಾನೂನು. ಅದಕ್ಕೆ ಮುಂಚೆ ಏನಿತ್ತು ಗೊತ್ತಾ? ಹಳೆ ಬ್ರ್ಯಾಂಡಿನ ಸಿಗರೇಟಿಗೆ 1996ರ ಬೆಲೆ ಹಿಡಿದು ತೆರಿಗೆ. ಹೊಸ ಬ್ರ್ಯಾಂಡಿಗೆ ಈಗಿನ ಬೆಲೆ. ಅಂದರೆ ಹಳೇ ಕುಳಗಳಿಗೆ ಕಾನೂನೇ ಕೊಡೆ ಹಿಡಿದಿತ್ತು. ಎಷ್ಟೋ ಸಲ ತಿದ್ದೋಕೆ ಹೋಗಿ ಸೋತರು. ತಂಬಾಕು ಬೆಳೆಯುವ ಉತ್ತರದ ಪ್ರಾಂತ್ಯಗಳ ಸಂಸದರು ಬಿಡುತ್ತಿರಲಿಲ್ಲ.

ನೊಯ್‌ನೊಯ್ ಅಕಿನೊ ಸರ್ಕಾರ ಜಾಣತನ ಮಾಡಿತು. ಇದು ತೆರಿಗೆ ಅಲ್ಲ, ಆರೋಗ್ಯ ಅಂದಿತು. ಹೆಚ್ಚಾಗಿ ಬರುವ ದುಡ್ಡಿನಲ್ಲಿ ತಂಬಾಕು ರೈತರ ಪಾಲು ಕಳೆದು ಉಳಿದಿದ್ದರಲ್ಲಿ ಬಹುಪಾಲು ಬಡವರ ಆರೋಗ್ಯ ವಿಮೆಗೆ ಅಂತ ಕಾನೂನಲ್ಲೇ ಬರೆಯಿತು. ವೈದ್ಯರು ಬೀದಿಗೆ ಬಂದು ಬೆಂಬಲ ಕೊಟ್ಟರು. ಸೆನೆಟ್‌ನಲ್ಲಿ ಕೊನೆಗೆ ಪಾಸಾಗಿದ್ದು ಪರ 10, ವಿರುದ್ಧ 9 ವೋಟಲ್ಲಿ, ಒಂದೇ ವೋಟಿನ ಅಂತರ! 2017ಕ್ಕೆ ಎಲ್ಲ ಸಿಗರೇಟು ಪ್ಯಾಕಿಗೂ ಒಂದೇ ದರ, 30 ಪೆಸೊ. ದುತೆರ್ತೆ ಬಂದರು, ಹಿಂದಿನವರನ್ನು ಬೈದರು, ಆದರೆ ಈ ತೆರಿಗೆಯನ್ನು ಇನ್ನೂ ಏರಿಸಿದರು. ದುಡ್ಡು ಬರ್ತಾ ಇತ್ತು, ಯಾಕೆ ಬಿಡ್ತಾರೆ? ದೊಡ್ಡವರಲ್ಲಿ ಹೊಗೆಸೊಪ್ಪು ಬಳಸುವವರು 2009ರಲ್ಲಿ ನೂರಕ್ಕೆ 30ರ ಹತ್ತಿರ ಇದ್ದರು. 2021ಕ್ಕೆ 20ರ ಆಸುಪಾಸಿಗೆ ಇಳಿದರು.

ಬಡ ತಾಯಂದಿರಿಗೆ ಕೊಡುವ ನಗದು ನೆರವೂ ಹಾಗೇ. ಮಕ್ಕಳು ಶಾಲೆಗೆ ಶೇ. 85ರಷ್ಟು ಹಾಜರಾಗಬೇಕು, ಆರೋಗ್ಯ ತಪಾಸಣೆಗೆ ಬರಬೇಕು, ಆಗ ದುಡ್ಡು. 2008ರಲ್ಲಿ ಆಗಿನ ಅಧ್ಯಕ್ಷೆ ಅರೋಯೊ ಶುರು ಮಾಡಿದರು. ಅರೋಯೊರನ್ನು ಬಂಧನದಲ್ಲಿಟ್ಟ ನೊಯ್‌ನೊಯ್ ಅಕಿನೊ ಅದನ್ನೇ ಹಲವು ಪಟ್ಟು ಬೆಳೆಸಿದರು. ದುತೆರ್ತೆ ಕಾಲದಲ್ಲಿ, 2019ರಲ್ಲಿ, ಕಾಯಂ ಕಾನೂನಾಯಿತು. ಒಬ್ಬರಿಗೊಬ್ಬರು ಆಗದ ಮೂವರು ಒಂದೇ ಯೋಜನೆಯನ್ನು ಹೊತ್ತು ನಡೆದರು. ದುಡ್ಡಿನ ದಾರಿ ಕಾನೂನಲ್ಲಿದ್ದರೆ, ಮತ್ತೆ ಅದನ್ನು ಪಡೆಯುವ ಜನ ಲಕ್ಷಗಟ್ಟಲೆ ಇದ್ದರೆ, ಮುಂದಿನವರಿಗೆ ಕಿತ್ತುಹಾಕೋದು ಕಷ್ಟ.

ಹಳೇಪೇಪರ್

ಇದು ಗಟ್ಟಿ ವಾದ. ಆದರೆ ಒಂದು ಕಡೆ ಒಪ್ಪಲ್ಲ. ಕಾನೂನಲ್ಲಿ ಬರೆದರೆ ಉಳಿಯುತ್ತೆ ಅಂತೀರಿ. ಆ ಆರೋಗ್ಯ ವಿಮೆ ಸಂಸ್ಥೆ ಫಿಲ್‌ಹೆಲ್ತ್‌ನಲ್ಲಿ ಉಳಿದಿದ್ದ ಹಣವನ್ನು 2024ರಲ್ಲಿ ಸರ್ಕಾರ ಖಜಾನೆಗೆ ವಾಪಸ್ ಎಳೆಯಿತು. 6,000 ಕೋಟಿ ಪೆಸೊ ಹೋದಮೇಲೆ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. 2025ರ ಬಜೆಟ್‌ನಲ್ಲಿ ಅದಕ್ಕೆ ಸಿಕ್ಕ ಸಹಾಯಧನ ಸೊನ್ನೆ. ಕಾನೂನು ಪುಸ್ತಕದಲ್ಲೇ ಇತ್ತಲ್ಲ?

ಕೆರೆದಂಡೆ

ಇತ್ತು. ಅದನ್ನು ಮುರಿಯೋಕೆ ಕೋರ್ಟ್ ಎದುರು ಹೋಗಬೇಕಾಯ್ತು, ಊರೆಲ್ಲ ಗಲಾಟೆ ಆಯ್ತು, ಪತ್ರಿಕೆಗಳು ಬರೆದವು. ತಂತಿ ಕೌಂಟರ್ ಮುಚ್ಚಿದಾಗ ಯಾರು ಕೇಳಿದರು? ನನಗೆ ಕಾಣುವ ವ್ಯತ್ಯಾಸ ಅಷ್ಟು.

ಸಾಗರದವ

ಹಳೇಪೇಪರ್ ಸಾರ್, ಆ ನೆರೆ ಹಗರಣ ಏನು ಅಂತ ನೀವೇ ಬರೆಯಲಿಲ್ಲ.

ಹಳೇಪೇಪರ್

ಬರೀತೀನಿ. ಮೊದಲು ಅದರ ಅಜ್ಜನ ಕಥೆ. ನಮ್ಮ ಶಾಸಕರ ನಿಧಿ ಥರ ಅಲ್ಲಿನ ಪ್ರತಿ ಸಂಸದನಿಗೆ ವರ್ಷಕ್ಕೆ 7 ಕೋಟಿ ಪೆಸೊ, ಸೆನೆಟರ್‌ಗೆ 20 ಕೋಟಿ ಇತ್ತು. 2013ರಲ್ಲಿ ಗೊತ್ತಾಯ್ತು, ಈ ದುಡ್ಡಲ್ಲಿ ಬಹಳಷ್ಟು ಕಾಗದದ ಮೇಲಷ್ಟೇ ಇದ್ದ ಸಂಸ್ಥೆಗಳಿಗೆ ಹೋಗಿದೆ ಅಂತ. ಮನಿಲಾದ ಲುನೇಟಾ ಮೈದಾನ ಜನರಿಂದ ತುಂಬಿತು. ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಧಿಯೇ ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದು ಹಾಕಿತು. ಎಲ್ಲರೂ ಖುಷಿ ಪಟ್ಟರು.

ನಿಧಿ ಹೋಯಿತು, ಹಸಿವು ಹೋಗಲಿಲ್ಲ. ದಾರಿ ಬದಲಾಯಿತು. ಬಜೆಟ್ ಕೊನೆ ಹಂತದಲ್ಲಿ ಲೋಕೋಪಯೋಗಿ ಇಲಾಖೆಯ ಲೆಕ್ಕದಲ್ಲಿ ಕಾಮಗಾರಿ ಸೇರಿಸೋದು ಶುರುವಾಯಿತು. ನೆರೆ ತಡೆ ಅದಕ್ಕೆ ಹೇಳಿ ಮಾಡಿಸಿದ್ದು. ಗೋಡೆ ಬಿದ್ದರೆ ನೆರೆ ಬಂತು ಅನ್ನಬಹುದು. ನದಿ ತಳದ ಹೂಳು ತೆಗೆದೆ ಅಂದರೆ ಯಾರು ಇಳಿದು ನೋಡ್ತಾರೆ?

2025ರ ಜುಲೈ ಕೊನೆಯಲ್ಲಿ ಮನಿಲಾ ಮುಳುಗಿತ್ತು. ಮಾರ್ಕೋಸ್ ತಮ್ಮ ವಾರ್ಷಿಕ ಭಾಷಣದಲ್ಲಿ ಎದುರಿಗೆ ಕೂತ ಸಂಸದರನ್ನೇ ನಾಚಿಕೆ ಆಗಲ್ವಾ ಅನ್ನೋ ಧಾಟಿಯಲ್ಲಿ ಕೇಳಿದರು. ಆಮೇಲೆ ಲೆಕ್ಕ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ 9,855 ಕಾಮಗಾರಿ, 54,500 ಕೋಟಿ ಪೆಸೊ. ಅದರಲ್ಲಿ ಐದನೇ ಒಂದು ಭಾಗ ಹದಿನೈದೇ ಗುತ್ತಿಗೆದಾರರಿಗೆ. ಬುಲಕಾನ್ ಪ್ರಾಂತ್ಯದ ಬಲಿವಾಗ್‌ನಲ್ಲಿ ಒಂದು ಕಾಂಕ್ರೀಟ್ ನದಿಗೋಡೆ. ಸುಮಾರು 5.5 ಕೋಟಿ ಪೆಸೊ, ಕಾಗದದಲ್ಲಿ ಕೆಲಸ ಮುಗಿದಿದೆ, ಬಿಲ್ ಪೂರ್ತಿ ಪಾಸಾಗಿದೆ. ಆಗಸ್ಟ್ 20ಕ್ಕೆ ಅಧ್ಯಕ್ಷರು ಬೂಟು ಹಾಕಿಕೊಂಡು ಹೋಗಿ ನಿಂತರೆ ಅಲ್ಲಿ ಗೋಡೆಯೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಸೆಪ್ಟೆಂಬರ್ 21ಕ್ಕೆ ದೊಡ್ಡ ಪ್ರತಿಭಟನೆ ಆಯಿತು. ಹಿರಿಯ ಮಾರ್ಕೋಸ್ 1972ರಲ್ಲಿ ಹೇರಿದ ಮಾರ್ಷಲ್ ಲಾ (ಸೇನಾಡಳಿತ) ನೆನಪಿನ ದಿನವನ್ನೇ ಆರಿಸಿಕೊಂಡಿದ್ದರು. ಅದಕ್ಕೆ ಕೆಲವೇ ದಿನ ಮೊದಲು ಕೆಳಮನೆಯ ಸ್ಪೀಕರ್ ರಾಜೀನಾಮೆ ಕೊಟ್ಟಿದ್ದರು. ಅವರು ಅಧ್ಯಕ್ಷರ ಸೋದರ ಸಂಬಂಧಿ.

ಮಂಗಳೂರು ಬಂದರು

ಎಲ್ಲ ತಿರುಗಿ ಮನೆತನಕ್ಕೇ ಬರುತ್ತೆ ನೋಡಿ. ತಮಾಷೆ ಅಂದರೆ ರಾಜಕೀಯ ಮನೆತನಗಳನ್ನು ನಿಷೇಧಿಸಬೇಕು ಅಂತ 1987ರ ಸಂವಿಧಾನದಲ್ಲೇ ಇದೆ. ಕಾನೂನು ಹೇಳಿದ ಪ್ರಕಾರ ಅಂತ ಒಂದು ಬಾಲ ಸೇರಿಸಿದ್ದಾರೆ. ಆ ಕಾನೂನು ಮಾಡಬೇಕಾದವರು ಆ ಮನೆತನದವರೇ. ಮೂವತ್ತೈದು ವರ್ಷ ಮೀರಿದರೂ ಎಲ್ಲ ಹುದ್ದೆಗೂ ಅನ್ವಯ ಆಗುವಂಥದ್ದು ಬರಲಿಲ್ಲ. 2016ರ ಜನವರಿಯಲ್ಲಿ ಒಂದು ಕಡೆ ಮಾತ್ರ ನಿಷೇಧ ಬಂತು. ಎಲ್ಲಿಗೆ ಹೇಳಿ? ಬರಂಗಾಯ್, ಅಂದರೆ ಹಳ್ಳಿ-ವಾರ್ಡ್ ಮಟ್ಟದ ಯುವಕರ ಮಂಡಳಿಗೆ! ಪಂಚಾಯಿತಿಯ ಹುಡುಗರು ನೆಂಟರಾಗಿರಬಾರದು, ಸೆನೆಟ್‌ನಲ್ಲಿ ಅಕ್ಕ ತಮ್ಮ ಒಟ್ಟಿಗೆ ಕೂರಬಹುದು.

ಮೇಯರ್‌ಗೆ ಮೂರು ವರ್ಷದ ಮೂರೇ ಅವಧಿ ಅಂತ ಮಿತಿ ಇದೆ. ನಾಲ್ಕನೆಯದಕ್ಕೆ ಹೆಂಡತಿ ನಿಲ್ತಾರೆ, ಆಮೇಲೆ ಮಗ. ಅಷ್ಟರಲ್ಲಿ ಇವರು ಸಂಸದರಾಗಿ ಬರ್ತಾರೆ.

ಸಾಗರದವ

ಆದರೂ ಸ್ಥಳೀಯ ಆಡಳಿತದಲ್ಲಿ ಒಳ್ಳೇದೂ ಆಗಿದೆ ಅಂತ ಓದಿದ್ದೆ. ನಾಗಾ ನಗರದ ಮೇಯರ್ ಜೆಸ್ಸೆ ರೊಬ್ರೆಡೊಗೆ 2000ದಲ್ಲಿ ಮ್ಯಾಗ್ಸೆಸೆ ಬಂತಲ್ಲ.

ಕೆರೆದಂಡೆ

ಹೌದು, ಅದನ್ನು ಬಿಡಬಾರದು. 1991ರ ಸ್ಥಳೀಯ ಸರ್ಕಾರ ಕಾಯ್ದೆ ಕೇಂದ್ರ ಸಂಗ್ರಹಿಸುವ ಆಂತರಿಕ ತೆರಿಗೆಯಲ್ಲಿ ನೂರಕ್ಕೆ 40 ಪಾಲನ್ನು ಕೆಳಗೆ ಕೊಟ್ಟಿತು. ಆಸ್ಪತ್ರೆ, ಕೃಷಿ ಸಲಹೆ, ಸಮಾಜ ಕಲ್ಯಾಣ ಎಲ್ಲ ಮೇಯರ್, ಗವರ್ನರ್ ಕೈಗೆ ಬಂತು. ನಾಗಾದಂಥ ಊರು ಎದ್ದು ನಿಂತಿತು. ರೊಬ್ರೆಡೊ ಜನರ ಸಂಘಟನೆಗಳಿಗೆ ನಗರಸಭೆಯ ಸಮಿತಿಗಳಲ್ಲಿ ಜಾಗ ಕೊಡಿಸಿದರು. ಯಾವ ಕಾಗದಕ್ಕೆ ಎಷ್ಟು ಹೊತ್ತು, ಎಷ್ಟು ಶುಲ್ಕ, ಯಾರನ್ನು ಕೇಳಬೇಕು ಅಂತ ಬರೆದು ಜನಕ್ಕೆ ಹಂಚಿದರು. ಮೇಯರ್ ಕೆಟ್ಟವರಾದ ಕಡೆ ಅದೇ ಕಾಯ್ದೆ ಮನೆತನಗಳ ಹೊಟ್ಟೆಗೆ ಹಾಲೆರೆಯಿತು, ಅದೂ ನಿಜ. 2012ರಲ್ಲಿ ರೊಬ್ರೆಡೊ ಕೂಡ ವಿಮಾನ ಅಪಘಾತದಲ್ಲೇ ಹೋದರು. ಅವರ ಹೆಂಡತಿ ಲೆನಿ ಉಪಾಧ್ಯಕ್ಷೆಯಾದರು, 2022ರಲ್ಲಿ ಮಾರ್ಕೋಸ್ ಎದುರು ಸೋತರು, 2025ರಲ್ಲಿ ಅದೇ ನಾಗಾಗೆ ಮೇಯರ್ ಆಗಿ ಗೆದ್ದರು. ಮನೆತನ ಅಂತ ಬೈಯೋರು ಇದಕ್ಕೇನು ಹೇಳ್ತೀರೋ ಗೊತ್ತಿಲ್ಲ. ನನಗಂತೂ ಖುಷಿಯಾಯಿತು.

ದಾವಣಗೆರೆ ಅಮ್ಮ

ಎಲ್ಲ ಓದಿದೆ. ನಾನು ರಾಜಕೀಯದವಳಲ್ಲ. ಮಗಳು ದಾವಾವ್‌ನಲ್ಲಿ ವೈದ್ಯಕೀಯ ಓದ್ತಿದ್ದಾಳೆ, ನಮ್ಮ ಕಡೆ ಮಕ್ಕಳು ಅಲ್ಲಿ ತುಂಬಾ ಇದ್ದಾರೆ. ದುತೆರ್ತೆಯವರನ್ನು ಹಿಡಿದಾಗ ನಮಗೆಲ್ಲ ಗಾಬರಿ ಆಗಿತ್ತು, ಅದು ಅವರ ಊರೇ ಅಲ್ವಾ. ಅವಳು ಮಾತ್ರ ಇಲ್ಲಿ ಏನೂ ಆಗಿಲ್ಲ ಅಮ್ಮ, ರಸ್ತೆಯಲ್ಲಿ ಸಿಗರೇಟು ಸೇದಿದರೆ ಈಗಲೂ ದಂಡ ಹಾಕ್ತಾರೆ ಅಂದಳು. ಅಲ್ಲಿ ಈಗ ಮೇಯರ್ ಯಾರು? ಕೇಳಿದರೆ ದುತೆರ್ತೆ ಅಂತಾಳೆ. ಅವರು ಜೈಲಲ್ಲಿದ್ದಾರಲ್ಲ, ನನಗೆ ಅರ್ಥ ಆಗಲಿಲ್ಲ.

ಮಂಗಳೂರು ಬಂದರು

ಮಗಳು ಸರಿಯಾಗೇ ಹೇಳಿದ್ದಾಳೆ ಅಮ್ಮ. 2025ರ ಮೇ ಚುನಾವಣೆಯಲ್ಲಿ ಹಿರಿಯ ದುತೆರ್ತೆ ಹೇಗ್‌ನ ಜೈಲಿನಲ್ಲಿದ್ದುಕೊಂಡೇ ಮೇಯರ್ ಸ್ಥಾನ ಗೆದ್ದರು, ಭಾರೀ ಅಂತರದಲ್ಲಿ. ಬಂದು ಪ್ರಮಾಣವಚನ ತಗೊಳ್ಳೋಕೆ ಆಗಲಿಲ್ಲ. ಉಪಮೇಯರ್ ಆಗಿ ಗೆದ್ದ ಮಗ ಸೆಬಾಸ್ಟಿಯನ್ ಹಂಗಾಮಿ ಮೇಯರ್ ಆದರು. ಮಗನ ಜಾಗಕ್ಕೆ ಹಂಗಾಮಿ ಉಪಮೇಯರ್ ಆಗಿ ಬಂದಿದ್ದು ಮೊಮ್ಮಗ. ಮಗಳು ಸಾರಾ ದೇಶದ ಉಪಾಧ್ಯಕ್ಷೆ. ಅವರ ಮೇಲೆ ಕೆಳಮನೆ ಮಹಾಭಿಯೋಗ ಮಾಡಿತ್ತು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಹಾಗಾಗಿ ಊರಲ್ಲಿ ಏನೂ ಬದಲಾಗಿಲ್ಲ ಅನ್ನೋದು ನಿಜ. ಓದೋ ಮಕ್ಕಳಿಗೆ ತೊಂದರೆ ಇಲ್ಲ, ರಾಜಕೀಯ ಮೆರವಣಿಗೆ ಇದ್ದ ದಿನ ಆ ಕಡೆ ಹೋಗಬೇಡ ಅಂತ ಮಾತ್ರ ಹೇಳಿ.

ಜಯನಗರ ನಾಲ್ಕನೇ ಬ್ಲಾಕ್

ಜೈಲಲ್ಲಿದ್ದರೂ ಜನ ವೋಟು ಹಾಕ್ತಾರೆ ಅಂದ್ರೆ ಏನೋ ಮಾಡಿರಬೇಕು ಅಲ್ವಾ? 2028ರಲ್ಲಿ ಸಾರಾ ನಿಂತರೆ ಗೆಲ್ಲೋದು ಅವರೇ, ಬರೆದಿಟ್ಟುಕೊಳ್ಳಿ.

ಬೆಳಗಾವಿ ಕುಂದಾ

ಗೆಲ್ಲಬಹುದು. ಆಗ ಅವರು ಯಾವ ದೂರು ಕೌಂಟರ್ ತೆರೀತಾರೆ ಅಂತ ನೋಡೋಣ. ಕೆರೆದಂಡೆ ಅವರೇ, ಆ ಕೊಬ್ಬರಿ ನಿಧಿ ರೈತರ ಕೈಗೆ ನಿಜಕ್ಕೂ ತಲುಪ್ತಾ ಇದೆಯಾ, ಅದರ ಬಗ್ಗೆ ಬೇರೆ ಎಳೆ ಶುರು ಮಾಡಿ. ನಮ್ಮ ತಿಪಟೂರು ಕಡೆಯವರನ್ನೂ ಕರೀತೀನಿ.